ಮೋಟಾರು ಸೈಕಲ್ಲಿನಲ್ಲಿ ಬಂದುಹೋಗುವ ವಿದ್ಯುದ್ದೋಷ

ಮಂಡ್ಯದಿಂದ ಹೊರಟಾಗ ಸುಸ್ಥಿತಿಯಲ್ಲಿದ್ದ ಮೋಟಾರು ಸೈಕಲ್ಲು ಮದ್ದೂರಿನ ಸಮೀಪದಲ್ಲಿ ತಟಕ್ಕನೆ ನಿಲ್ಲುವುದು, ಸ್ವಲ್ಪ ಹೊತ್ತಿನ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುವುದು, ಮಳವಳ್ಳಿಯ ರಿಪೇರಿ ಅಂಗಡಿಯನ್ನು ಸೇರುವ ವೇಳೆಗೆ ಯಾವ ದೋಷವನ್ನೂ ತೋರದಿರುವುದು ಸವಾರರಿಗೆ ಅಪರಿಚಿತವಾದ ಸಂಗತಿಯಲ್ಲ. ಆಗ ಮೊದಲು ಬ್ಯಾಟರಿ, ಬಳಿಕ ಕಾಯಿಲು, ಕಡೆಗೆ ಕಂಡೆನ್ಸರು ಎಂದು ಒಂದೊಂದನ್ನೇ ಬದಲಾಯಿಸುವ ರೂಢಿಯುಂಟು. ಹಣ ವ್ಯಯವಾಗುತ್ತದೆ, ದೋಷ ಉಳಿಯುತ್ತದೆ. ಬಂದುಹೋಗುವ ದೋಷವು ಬಹುಮಟ್ಟಿಗೆ ಭಾಗಗಳಲ್ಲಿಲ್ಲದೆ ಅವುಗಳ ಜೋಡಣೆಗಳಲ್ಲಿರುವುದೇ ಇದಕ್ಕೆ ಕಾರಣ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ, 1960ರ ದಶಕದಲ್ಲಿ ಅಲ್ಲಿ ತಯಾರಾದ ಜಾವಾಗಳನ್ನು ಜೋಪಾನವಾಗಿ ಉಳಿಸಿಕೊಂಡವರು ಇಂದಿಗೂ ಇದ್ದಾರೆ. ಅವುಗಳ ವ್ಯವಸ್ಥೆ 6 ವೋಲ್ಟಿನದು. 35 ವ್ಯಾಟಿನ ದೀಪವೊಂದು 6 ವೋಲ್ಟಿನಲ್ಲಿ ಉರಿಯುವಾಗ ಅದರ ರೋಧ ಸುಮಾರು 1 ಓಮ್ ಮಾತ್ರ. ಕಿಲುಬು ಹಿಡಿದ ಜೋಡಣೆಯೊಂದು 0.2 ಓಮ್ ರೋಧವನ್ನು ಸೇರಿಸಿದರೆ ದೀಪಕ್ಕೆ ದೊರೆಯುವುದು 5 ವೋಲ್ಟು. ಬೆಳಕು ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಕಬ್ಬಿನ ಗಾಡಿಗಳು ದೀಪವಿಲ್ಲದೆ ಸಾಗುವ ರಸ್ತೆಯಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಅದೇ ಜೋಡಣೆ 12 ವೋಲ್ಟಿನ ವ್ಯವಸ್ಥೆಯಲ್ಲಿದ್ದರೆ, ಅಷ್ಟೇ ವ್ಯಾಟಿನ ದೀಪದಿಂದ ಸುಮಾರು ಅರ್ಧ ವೋಲ್ಟನ್ನಷ್ಟೇ ಕಸಿಯುತ್ತಿತ್ತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 1902ರಲ್ಲಿ ವಿದ್ಯುತ್ತನ್ನು ಸಾಗಿಸುವಾಗ ವೋಲ್ಟೇಜನ್ನು ಬಹಳವಾಗಿ ಏರಿಸಿದುದೂ ಇದೇ ತತ್ತ್ವದಿಂದ: ಪ್ರವಾಹ ಕಡಮೆಯಾದಷ್ಟೂ ತಂತಿಯಲ್ಲಿನ ನಷ್ಟ ಕಡಮೆ. ತರಗತಿಯಲ್ಲಿ ಓಮನ ನಿಯಮವನ್ನು ಬೋಧಿಸುವವರಿಗೆ ಇವೆರಡಕ್ಕಿಂತ ಹತ್ತಿರದ ನಿದರ್ಶನ ಬೇಕಾಗಲಾರದು.

ದೋಷವು ಯಾವಾಗ ತೋರುತ್ತದೆಂಬುದೇ ಮೊದಲ ಸಾಕ್ಷ್ಯ. ಹ್ಯಾಂಡಲನ್ನು ತಿರುಗಿಸಿದಾಗ ತೋರಿದರೆ, ಅಲ್ಲಿ ಬಾಗುವ ತಂತಿಯ ಎಳೆಗಳು ಹೊದಿಕೆಯೊಳಗೆ ತುಂಡಾಗಿರಬಹುದು, ಹೊರಗಿನಿಂದ ಕಾಣಿಸದು. ಮಳೆಯಲ್ಲಿ ಮಾತ್ರ ತೋರಿದರೆ ನೀರು ಸೇರುವೆಡೆಯನ್ನು ಹುಡುಕಬೇಕು. ದೀಪ, ಹಾರನ್ನು, ಕಿಡಿ ಎಲ್ಲವೂ ಒಮ್ಮೆಗೇ ಕೈಕೊಟ್ಟರೆ ಅವಕ್ಕೆ ಸಮಾನವಾದ ದಾರಿ, ಎಂದರೆ ಬ್ಯಾಟರಿಯ ಅಗ್ರಗಳು, ಫ್ಯೂಸು, ಕೀಲಿಯ ಸ್ವಿಚ್ಚು, ಇವುಗಳ ಮೇಲೆ ಸಂದೇಹ ಬೀಳುತ್ತದೆ. ಲೋಹದ ಫ್ರೇಮೇ ಪ್ರವಾಹವು ಹಿಂದಿರುಗುವ ಮಾರ್ಗವಾದ್ದರಿಂದ, ಬಣ್ಣ ಅಥವಾ ತುಕ್ಕಿನ ಮೇಲೆ ಕೂತ ಒಂದು ತಿರುಪೂ ಸಾಕು. ಈ ಕೊನೆಯದನ್ನೇ ಹೆಚ್ಚಿನವರು ಮರೆಯುತ್ತಾರೆ.

ಪ್ರವಾಹವಿಲ್ಲದಾಗ ರೋಧವನ್ನು ಅಳೆಯುವುದರಿಂದ ಪ್ರಯೋಜನ ಅಲ್ಪ. ಒಂದೇ ಎಳೆ ಉಳಿದ ತಂತಿಯೂ ಆಗ ಸರಿಯಾಗಿಯೇ ತೋರುತ್ತದೆ. ದೀಪವನ್ನು ಉರಿಸಿ, ವೋಲ್ಟ್‌ಮಾಪಕದ ಒಂದು ತುದಿಯನ್ನು ದೀಪಕ್ಕೆ ತಂತಿ ಹೊರಡುವ ಬ್ಯಾಟರಿಯ ಅಗ್ರಕ್ಕೂ ಇನ್ನೊಂದನ್ನು ದೀಪದ ತಂತಿ ಸೇರುವೆಡೆಗೂ ಮುಟ್ಟಿಸಬೇಕು. ಓದು ಸೊನ್ನೆಗೆ ಸಮೀಪವಿರತಕ್ಕದ್ದು. ಅರ್ಧ ವೋಲ್ಟು ಕಂಡರೆ ಜೋಡಣೆಯಿಂದ ಜೋಡಣೆಗೆ ಹಿಂದೆ ಸರಿಯುತ್ತ, ತಂತಿಯನ್ನು ಮೆಲ್ಲನೆ ಅಲುಗಿಸುತ್ತ ನೋಡಬೇಕು. ಓದು ಎಲ್ಲಿ ಜಿಗಿಯುವುದೋ ಅಲ್ಲಿ ದೋಷ. ಬಳಿಕ ದೀಪದ ಕವಚಕ್ಕೂ ಫ್ರೇಮಿಗೆ ಕೂಡಿಸಿದ ಬ್ಯಾಟರಿಯ ಅಗ್ರಕ್ಕೂ ನಡುವೆ ಇದೇ ಪರೀಕ್ಷೆ. ಅದಕ್ಕೆ ಮುನ್ನ ಜೋಡಣೆಗಳನ್ನೆಲ್ಲ ಬಿಚ್ಚಿ ಬಿಗಿಮಾಡುವುದು ಸಲ್ಲದು. ದೋಷ ಮಾಯವಾಗಬಹುದು, ಆದರೆ ಅದು ಎಲ್ಲಿತ್ತೆಂದು ತಿಳಿಯುವ ಅವಕಾಶವೂ ಅದರೊಡನೆ ಹೋಗುತ್ತದೆ.

ಕಾಯಿಲಿನೊಳಗಿನ ನಿರೋಧಕವು ಕಾದಾಗ ಮಾತ್ರ ಸೋಲುವ ಸಂದರ್ಭ ಇದಕ್ಕೆ ಅಪವಾದ. ಪ್ಲಗ್ಗಿನ ಕಡೆಯ ವೋಲ್ಟೇಜು ಸಹಸ್ರಾರು ವೋಲ್ಟುಗಳಾದ್ದರಿಂದ ಅಲ್ಲಿ ಸಾಮಾನ್ಯ ವೋಲ್ಟ್‌ಮಾಪಕವನ್ನು ಮುಟ್ಟಿಸಲಾಗದು. ಸುಸ್ಥಿತಿಯಲ್ಲಿದೆಯೆಂದು ತಿಳಿದ ಬೇರೊಂದು ಕಾಯಿಲನ್ನು ಜೋಡಿಸಿ, ಅದೇ ರಸ್ತೆಯಲ್ಲಿ, ಅಷ್ಟೇ ಬಿಸಿಯಾಗುವವರೆಗೆ ಓಡಿಸಿ ನೋಡುವುದೊಂದೇ ಉಳಿದ ದಾರಿ.