ಸರ್ವೋ ಮೋಟರ್ ಹಟ ಹಿಡಿದಾಗ

ಮನೆಯಲ್ಲೇ ಸಣ್ಣ ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಕಟ್ಟಿಕೊಂಡವರಿಗೆ ಈ ಸಂಕಟ ಗೊತ್ತಿರುತ್ತದೆ. ಕೆಲಸ ಅರ್ಧ ಮುಗಿದಿರುವಾಗ ಮೇಜು ಗಕ್ಕನೆ ನಿಲ್ಲುತ್ತದೆ, ಪರದೆಯಲ್ಲಿ ‘ಫಾಲೋಯಿಂಗ್ ಎರರ್’ ಎಂಬ ಸಂದೇಶ ಬರುತ್ತದೆ. ಅನುಮಾನ ನೇರವಾಗಿ ಮೋಟರಿನ ಮೇಲೋ ಡ್ರೈವ್ ಮೇಲೋ ಹೋಗುತ್ತದೆ. ಆದರೆ ಅವೆರಡೂ ದುಬಾರಿ ವಸ್ತುಗಳು. ದುಡ್ಡು ಹೊಂದಿಸುವ ಮುನ್ನ ಮೋಟರಿನ ಬೆನ್ನಿಗಿರುವ ಎನ್‌ಕೋಡರನ್ನೂ ಅದರ ವೈರುಗಳನ್ನೂ ಪರೀಕ್ಷಿಸುವುದು ಜಾಣತನ.

ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಎಂಐಟಿ 1952ರಲ್ಲಿ ಪ್ರದರ್ಶಿಸಿತು. ಅಂದಿನಿಂದ ಇಂದಿನವರೆಗೂ ಸರ್ವೋ ತತ್ವ ಬದಲಾಗಿಲ್ಲ: ಆಜ್ಞೆ ಕೊಡು, ಚಲನೆ ಅಳೆ, ವ್ಯತ್ಯಾಸ ತಿದ್ದು. ಅಳೆಯುವ ಹೊಣೆ ಎನ್‌ಕೋಡರಿನದು. ಅದರೊಳಗೆ ಸಣ್ಣ ಗೆರೆಗಳ ಬಿಲ್ಲೆಯೊಂದು ತಿರುಗುತ್ತದೆ. ಒಂದು ಬದಿಯಲ್ಲಿ ಎಲ್‌ಇಡಿ, ಇನ್ನೊಂದು ಬದಿಯಲ್ಲಿ ಬೆಳಕು ಗ್ರಹಿಸುವ ಸಂವೇದಕಗಳು. ಇವುಗಳಿಂದ ‘ಎ’ ಮತ್ತು ‘ಬಿ’ ಎಂಬ ಎರಡು ಸಂಕೇತಗಳು ಬರುತ್ತವೆ. ಇವೆರಡರ ನಡುವೆ ಕಾಲು ಆವರ್ತದ ಅಂತರವಿರುವುದರಿಂದ, ಯಾವುದು ಮೊದಲು ಬಂತು ಎಂದು ನೋಡಿದರೆ ತಿರುಗುವ ದಿಕ್ಕು ತಿಳಿಯುತ್ತದೆ. ಎರಡೂ ಸಂಕೇತಗಳ ಏರಿಳಿತಗಳನ್ನು ಎಣಿಸಿದರೆ ಒಂದು ಗೆರೆಗೆ ನಾಲ್ಕು ಎಣಿಕೆ ಸಿಗುತ್ತದೆ; ಬಿಲ್ಲೆಯಲ್ಲಿ 500 ಗೆರೆಗಳಿದ್ದರೆ ಒಂದು ಸುತ್ತಿಗೆ 2000 ಎಣಿಕೆ. ಸುತ್ತಿಗೆ 5 ಮಿ.ಮೀ. ಸರಿಯುವ ಬಾಲ್ ಸ್ಕ್ರೂಗೆ ಮೋಟರನ್ನು ನೇರವಾಗಿ ಜೋಡಿಸಿದ್ದರೆ, ಒಂದು ಎಣಿಕೆ ಎಂದರೆ 2.5 ಮೈಕ್ರಾನ್.

ಹವ್ಯಾಸಿಗಳು ಬಳಸುವ ಗೆಕೋ ಜಿ320 ಡ್ರೈವ್, ಆಜ್ಞೆಗೂ ಅಳತೆಗೂ 128 ಎಣಿಕೆಗಿಂತ ಹೆಚ್ಚು ಅಂತರ (ಇದೇ ‘ಫಾಲೋಯಿಂಗ್ ಎರರ್’) ಬಿದ್ದರೆ ಮೋಟರನ್ನು ನಿಲ್ಲಿಸಿಬಿಡುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 0.32 ಮಿ.ಮೀ. ಹೀಗೆ ನಿಂತಿತೆಂದರೆ ಎನ್‌ಕೋಡರ್ ಕೆಟ್ಟಿದೆ ಎಂದೇ ಅರ್ಥವಲ್ಲ. ಗ್ರೀಸ್ ಒಣಗಿದ ಸ್ಕ್ರೂ, ಮೇಜಿನ ಜಾರುದಾರಿಯಲ್ಲಿ ಬಿಗಿಯಾದ ಜಿಬ್ ಪಟ್ಟಿ, ಮೊಂಡಾದ ಕಟರ್, ಸರಿಯಾಗಿ ಹೊಂದಿಸದ ಪಿಐಡಿ (ವ್ಯತ್ಯಾಸ ತಿದ್ದುವ ಪ್ರಮಾಣದ) ಮೌಲ್ಯಗಳು, ಇವೂ ಮೋಟರನ್ನು ಹಿಂದೆ ಬೀಳಿಸುತ್ತವೆ.

ಇನ್ನೊಂದು ತೊಂದರೆ ಹೆಚ್ಚು ಅಪಾಯಕಾರಿ. ವಿದ್ಯುತ್ ಕೊಟ್ಟ ಕ್ಷಣವೇ ಮೋಟರ್ ಪೂರ್ಣ ವೇಗದಲ್ಲಿ ಒಂದೇ ದಿಕ್ಕಿಗೆ ಓಡುತ್ತದೆ. ‘ಎ’, ‘ಬಿ’ ವೈರುಗಳು ಅದಲು ಬದಲಾಗಿದ್ದರೆ ಡ್ರೈವ್ ತಪ್ಪನ್ನು ತಿದ್ದುವ ಬದಲು ಹೆಚ್ಚಿಸುತ್ತಾ ಹೋಗುತ್ತದೆ. ಎನ್‌ಕೋಡರ್ ವೈರು ತುಂಡಾಗಿದ್ದರೆ ಮೋಟರ್ ಅಲುಗಿಯೇ ಇಲ್ಲವೆಂದು ಡ್ರೈವ್‌ಗೆ ತೋರುತ್ತದೆ, ಹಾಗಾಗಿ ಇನ್ನಷ್ಟು ಕರೆಂಟ್ ಹರಿಸುತ್ತದೆ. ಆದ್ದರಿಂದ ರಿಪೇರಿಯ ನಂತರದ ಮೊದಲ ಚಾಲನೆಗೆ ಬೆಲ್ಟ್ ಅಥವಾ ಕಪ್ಲಿಂಗ್ ಬಿಚ್ಚಿಡಿ, ಮೋಟರನ್ನು ಕ್ಲ್ಯಾಂಪ್ ಮಾಡಿ, ಎಮರ್ಜೆನ್ಸಿ ಸ್ಟಾಪ್ ಕೈಗೆಟುಕುವಂತಿರಲಿ.

ಪರೀಕ್ಷೆ ಶುರುವಾಗಬೇಕಾದದ್ದು ಮೋಟರಿಗೆ ವಿದ್ಯುತ್ ಇಲ್ಲದಿರುವಾಗ. ಎನ್‌ಕೋಡರ್ ಮತ್ತು ನಿಯಂತ್ರಕಕ್ಕೆ ಮಾತ್ರ ವಿದ್ಯುತ್ ಕೊಡಿ. ಶಾಫ್ಟ್ ಮೇಲೊಂದು ಗುರುತು ಹಾಕಿ, ಕೈಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಎಣಿಕೆ 2000ದ ಆಸುಪಾಸಿಗೆ ಬರಬೇಕು, ಹಿಂದಕ್ಕೆ ತಿರುಗಿಸಿದರೆ ಸೊನ್ನೆಯ ಹತ್ತಿರಕ್ಕೆ ಮರಳಬೇಕು. ಎಷ್ಟೇ ತಿರುಗಿಸಿದರೂ ಅಂಕಿ ಒಂದು ಮೇಲೆ, ಒಂದು ಕೆಳಗೆ ಎಂದು ನಿಂತಲ್ಲೇ ಆಡುತ್ತಿದ್ದರೆ ‘ಎ’, ‘ಬಿ’ಗಳಲ್ಲಿ ಒಂದು ಸತ್ತಿದೆ. ಲಿನಕ್ಸ್‌ಸಿಎನ್‌ಸಿ ಬಳಸುವವರು ಹಾಲ್‌ಸ್ಕೋಪ್‌ನಲ್ಲಿ ಎರಡೂ ಅಲೆಗಳನ್ನು ನೋಡಬಹುದು. ಸುತ್ತಿಗೊಮ್ಮೆ ಬರುವ ‘ಝಡ್’ ಸಂಕೇತವಿದ್ದರೆ ಇನ್ನೂ ಒಳ್ಳೆಯದು. ಒಂದೇ ದಿಕ್ಕಿಗೆ ತಿರುಗಿಸುವಾಗ ಎರಡು ‘ಝಡ್’ಗಳ ನಡುವೆ ಸದಾ 2000 ಎಣಿಕೆಯೇ ಇರಬೇಕು. ಕಡಿಮೆ ಬಂದರೆ ಬಿಲ್ಲೆಯ ಮೇಲೆ ಕೊಳೆ ಕೂತಿರಬಹುದು. ಬ್ರಶ್ ಇರುವ ಡಿಸಿ ಮೋಟರ್‌ಗಳಲ್ಲಿ ಇಂಗಾಲದ ಪುಡಿ ಎನ್‌ಕೋಡರ್‌ವರೆಗೂ ಬರುವುದುಂಟು. ಎನ್‌ಕೋಡರ್ ತುದಿಯಲ್ಲೇ 5 ವೋಲ್ಟ್ ತಲುಪುತ್ತಿದೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡಿ. ಉದ್ದನೆಯ ತೆಳು ವೈರಿನಲ್ಲಿ ವೋಲ್ಟೇಜ್ ಇಳಿಯುತ್ತದೆ.

ಮುಂದಿನ ಪರೀಕ್ಷೆ ವಿದ್ಯುತ್ ಗದ್ದಲದ್ದು. ಮೇಜು ನಿಂತಿರಲಿ, ಸ್ಪಿಂಡಲ್ ಮಾತ್ರ ಓಡಿಸಿ. ಎಣಿಕೆ ತಾನಾಗಿ ಸರಿಯತೊಡಗಿದರೆ ಸ್ಪಿಂಡಲ್‌ನ ವೇಗ ನಿಯಂತ್ರಿಸುವ ವಿಎಫ್‌ಡಿಯಿಂದ ಗದ್ದಲ ನುಗ್ಗುತ್ತಿದೆ. ಎನ್‌ಕೋಡರ್ ವೈರನ್ನು ಮೋಟರ್ ವೈರಿನಿಂದ ದೂರ ಒಯ್ಯಿರಿ, ಕವಚದ ವೈರು ಬಳಸಿ ಅದರ ಒಂದು ತುದಿಗೆ ಮಾತ್ರ ಅರ್ಥಿಂಗ್ ಕೊಡಿ. ಡಿಫರೆನ್ಷಿಯಲ್ ಎನ್‌ಕೋಡರ್ ಇದಕ್ಕಿಂತ ಭದ್ರ. ಅದು ಪ್ರತಿ ಸಂಕೇತವನ್ನೂ ಅದರ ವಿಲೋಮವನ್ನೂ ಹೊಸೆದ ಜೋಡಿ ವೈರಿನಲ್ಲಿ ಕಳಿಸುತ್ತದೆ. ಎರಡಕ್ಕೂ ಸಮನಾಗಿ ತಗುಲಿದ ಗದ್ದಲ ವ್ಯತ್ಯಾಸ ತೆಗೆಯುವಾಗ ಕಳೆದುಹೋಗುತ್ತದೆ.

ಯಾವ ಎರರ್ ಕೂಡ ಬಾರದೆ ಅಳತೆ ಮಾತ್ರ ತಪ್ಪುತ್ತಿದ್ದರೆ ಡಯಲ್ ಗೇಜ್ ಇಟ್ಟು ಮೇಜನ್ನು ಹಲವು ಸಲ ಹಿಂದೆ ಮುಂದೆ ಓಡಿಸಿ ಸೊನ್ನೆಗೆ ತನ್ನಿ. ಪರದೆಯಲ್ಲಿ ಸೊನ್ನೆ, ಗೇಜಿನಲ್ಲಿ ಬೇರೆ ಅಂಕಿ ಬಂದರೆ ಎಣಿಕೆ ಕಳೆದಿದೆ ಅಥವಾ ಜೋಡಣೆ ಜಾರಿದೆ. ಮಾರ್ಕರ್ ಪೆನ್ನಿನಿಂದ ಶಾಫ್ಟ್ ಮತ್ತು ಕಪ್ಲಿಂಗ್ ಸೇರಿಸಿ ಒಂದು ಗೆರೆ ಎಳೆದು ಮತ್ತೆ ಓಡಿಸಿ. ಗೆರೆ ಮುರಿದಿದ್ದರೆ ಗ್ರಬ್ ಸ್ಕ್ರೂ ಸಡಿಲವಾಗಿದೆ. ಎನ್‌ಕೋಡರ್ ಬಿಲ್ಲೆಯ ಗ್ರಬ್ ಸ್ಕ್ರೂ ಕೂಡ ಹೀಗೆ ಜಾರಬಹುದು.

ಇಷ್ಟಾದರೂ ಕಾರಣ ಸಿಗದಿದ್ದರೆ ಯಂತ್ರ ಆಫ್ ಮಾಡಿ, ಕೆಪಾಸಿಟರ್‌ಗಳು ಬರಿದಾಗುವವರೆಗೆ ಕಾದು, ಎಕ್ಸ್ ಮತ್ತು ವೈ ಅಕ್ಷಗಳ ಡ್ರೈವ್‌ಗಳನ್ನು ಅದಲು ಬದಲು ಮಾಡಿ. ಎರಡೂ ಅಕ್ಷಗಳ ಮೋಟರ್, ಡ್ರೈವ್ ಒಂದೇ ಬಗೆಯವಾಗಿರಬೇಕು. ದೋಷ ಡ್ರೈವ್ ಜೊತೆ ಹೋದರೆ ಡ್ರೈವ್ ಬದಲಿಸಿ. ಅದೇ ಅಕ್ಷದಲ್ಲಿ ಉಳಿದರೆ ಮೋಟರ್, ಎನ್‌ಕೋಡರ್, ವೈರುಗಳ ಕಡೆ ಹುಡುಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಪುಸ್ತಕದಲ್ಲಿ ಬರೆದಿಡಿ. ಈ ಶಿಸ್ತಿಗೆ ಬೇಕಿರುವುದು ಒಂದು ಮಲ್ಟಿಮೀಟರ್, ಒಂದು ಡಯಲ್ ಗೇಜ್ ಮತ್ತು ತಾಳ್ಮೆ. ಹೊಸ ಮೋಟರ್ ಕೊಳ್ಳುವ ಮಾತು ಆಮೇಲೆ ನೋಡೋಣ.