ನೆಲದ ಮೇಲಿನ ಈಜುಕೊಳ: ನೀರು ತುಂಬುವ ಮುನ್ನ ಪಂಪು-ಪೈಪಿನ ಲೆಕ್ಕ

ನೆಲ ಅಗೆಯದೆ, ಉಕ್ಕಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ನಿಲ್ಲಿಸುವ ಈಜುಕೊಳವನ್ನು ಒಂದೆರಡು ದಿನಗಳಲ್ಲಿ ಸಿದ್ಧಪಡಿಸಬಹುದು. ಹದಿನೈದು ಅಡಿ ವ್ಯಾಸದ ಇಂಥ ಕೊಳದಲ್ಲಿ ಒಂದು ಮೀಟರ್ ನೀರು ನಿಲ್ಲಿಸಿದರೆ ಅದು ಸುಮಾರು 16,000 ಲೀಟರ್ ಆಗುತ್ತದೆ. ಶೋಧನೆಯ ವ್ಯವಸ್ಥೆ ಸರಿಯಿಲ್ಲದಿದ್ದರೆ ಬೇಸಿಗೆಯ ಬಿಸಿಲಿಗೆ ಈ ನೀರು ಕೆಲವೇ ದಿನಗಳಲ್ಲಿ ಪಾಚಿಗಟ್ಟುತ್ತದೆ. ಆಗ ಚೆಲ್ಲಿ ಮತ್ತೆ ತುಂಬಬೇಕು. ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳನ್ನು ನೆಚ್ಚಿಕೊಂಡಿರುವ ಬೆಳಗಾವಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಇದು ಸಲ್ಲದ ಐಷಾರಾಮ. ಪಂಪು ಮತ್ತು ಪೈಪುಗಳನ್ನು ಮೊದಲೇ ಯೋಚಿಸಿ ಜೋಡಿಸಿದಲ್ಲಿ ಒಮ್ಮೆ ತುಂಬಿದ ನೀರೇ ಇಡೀ ಬೇಸಿಗೆಗೆ ಸಾಲುತ್ತದೆ. ಆವಿಯಾಗಿ ಹೋದಷ್ಟನ್ನು ಮಾತ್ರ ಸೇರಿಸುತ್ತಿರಬೇಕು.

ಪಂಪು ಈ ಭಾಗದ ಜನರಿಗೆ ಹೊಸತಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಬೆಳಗಾವಿಯಲ್ಲಿಯೇ. ಅವರ ಮನೆತನದ ಹೆಸರು ಮುಂದೆ ಪಂಪಿನ ಹೆಸರೇ ಆಯಿತು. ಆದರೆ ಹೊಲದ ಪಂಪಿನ ಅನುಭವ ಇಲ್ಲಿ ದಾರಿ ತಪ್ಪಿಸುವುದುಂಟು. ಬಾವಿಯ ಪಂಪು ನೀರನ್ನು ಎತ್ತರಕ್ಕೆ ಎತ್ತಬೇಕು. ಕೊಳದ ಪಂಪು ನೀರನ್ನು ಎತ್ತುವುದಿಲ್ಲ, ತಿರುಗಿಸುತ್ತದೆ. ಅದಕ್ಕೆ ಬೇಕಾದದ್ದು ಕಡಿಮೆ ಒತ್ತಡದಲ್ಲಿ ಹೆಚ್ಚು ನೀರು, ಜೊತೆಗೆ ಕೂದಲು ಮತ್ತು ಎಲೆ ಹಿಡಿಯುವ ಜಾಲರಿ ಬುಟ್ಟಿ. ಮನೆಯಲ್ಲಿ ಬಿದ್ದಿರುವ ಹಳೆಯ ಮೋನೋಬ್ಲಾಕ್ ಜೋಡಿಸುವುದು ಹುಸಿ ಉಳಿತಾಯ.

ಗಾತ್ರದ ಲೆಕ್ಕ ಸರಳವಾಗಿದೆ. 16,000 ಲೀಟರಿನ ಕೊಳಕ್ಕೆ ಗಂಟೆಗೆ 4,000 ಲೀಟರ್ ಹರಿವಿದ್ದರೆ ನಾಲ್ಕು ಗಂಟೆಯಲ್ಲಿ ನೀರು ಒಂದು ಸುತ್ತು ಶೋಧನೆಯಾಗುತ್ತದೆ. ದಿನಕ್ಕೆ ಎಂಟು ಗಂಟೆ ನಡೆಸಿದರೆ ಎರಡು ಸುತ್ತು. ಇದಕ್ಕೆ ಅರ್ಧ ಎಚ್‌ಪಿಯ ಪಂಪು ಹಾಗೂ 400 ಮಿ.ಮೀ. ವ್ಯಾಸದ ಮರಳು ಫಿಲ್ಟರ್ ಸಾಕು. ಇನ್ನೂ ದೊಡ್ಡ ಪಂಪು ಹಾಕಿದರೆ ನೀರು ಮರಳಿನಲ್ಲಿ ನಿಲ್ಲದೆ ರಭಸದಿಂದ ನುಗ್ಗಿ, ಕೊಳೆಯನ್ನೂ ಹೊತ್ತುಕೊಂಡು ಮರಳಿ ಕೊಳಕ್ಕೇ ಬರುತ್ತದೆ. ಪೈಪು ಒಂದೂವರೆ ಇಂಚಿಗಿಂತ ಸಣ್ಣದಿರಬಾರದು. ಒಂದು ಇಂಚಿನ ಪೈಪಿಗೆ ಹೋಲಿಸಿದರೆ ಒಂದೂವರೆ ಇಂಚಿನದರಲ್ಲಿ ಅಷ್ಟೇ ಹರಿವಿಗೆ ಎದುರಾಗುವ ತಡೆ ಸುಮಾರು ಏಳನೆಯ ಒಂದು ಭಾಗ ಮಾತ್ರ. ಎಲ್ಬೋಗಳೂ ಕಡಿಮೆಯಿರಲಿ.

ಬಾವಿಯಲ್ಲಿ ನೀರು ಪಂಪಿಗಿಂತ ಕೆಳಗಿರುವುದರಿಂದ ಫುಟ್‌ವಾಲ್ವ್ ಬೇಕು. ಇಲ್ಲಿ ನೀರು ಪಂಪಿಗಿಂತ ಮೇಲಿದ್ದು ತಾನೇ ಇಳಿದು ಬರುವುದರಿಂದ ಅದರ ಅವಶ್ಯಕತೆಯಿಲ್ಲ. ಆದರೆ ಬುಟ್ಟಿ ತೊಳೆಯಲು ಪಂಪಿನ ಮುಚ್ಚಳ ತೆರೆದೊಡನೆ ಕೊಳದ ನೀರೆಲ್ಲ ಅಂಗಳಕ್ಕೆ ಹರಿಯತೊಡಗುತ್ತದೆ. ಆದ್ದರಿಂದ ಪಂಪಿನ ಮುಂದೊಂದು, ನೀರು ಮರಳುವ ಪೈಪಿನಲ್ಲೊಂದು ಬಾಲ್ ವಾಲ್ವ್ ಇರಲೇಬೇಕು. ಪಂಪಿನ ಎರಡೂ ಬದಿಗೆ ಯೂನಿಯನ್ ಹಾಕಿದ್ದರೆ ರಿಪೇರಿಗೆ ಪೈಪು ಕತ್ತರಿಸಬೇಕಾಗಿಲ್ಲ.

ಮೇಲ್ಮೈಯ ಎಲೆ-ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಎಲ್ಲಿರಬೇಕೆಂಬುದನ್ನು ಗಾಳಿಯೇ ಹೇಳುತ್ತದೆ. ಮಳೆಗಾಲ ಸಮೀಪಿಸಿದಂತೆ ಇಲ್ಲಿ ಗಾಳಿ ಬೀಸುವುದು ಪಶ್ಚಿಮದ ಕಡೆಯಿಂದ. ಆದುದರಿಂದ ಸ್ಕಿಮ್ಮರ್ ಪೂರ್ವದ ಗೋಡೆಯಲ್ಲಿದ್ದರೆ ಕಸ ತಾನಾಗಿಯೇ ಅಲ್ಲಿಗೆ ತೇಲಿಬರುತ್ತದೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ರಾಜಿಯಿಲ್ಲ. ತಳದಲ್ಲಿ ಒಂದೇ ಹೀರು-ರಂಧ್ರವಿದ್ದು ಅದರ ಜಾಲರಿ ಕಳಚಿದ್ದರೆ ಮಗು ಅದಕ್ಕೆ ಕಚ್ಚಿಕೊಂಡು ಮೇಲೇಳಲಾಗದೆ ಮುಳುಗುವ ಅಪಾಯವಿದೆ. ಅಮೆರಿಕದಲ್ಲಿ 2002ರಲ್ಲಿ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಹೀಗೆಯೇ ಸತ್ತಳು. 2007ರಲ್ಲಿ ಅಲ್ಲಿ ಆಕೆಯ ಹೆಸರಿನಲ್ಲೇ ಕಾನೂನು ಬಂತು. ನೆಲದ ಮೇಲಿನ ಸಣ್ಣ ಕೊಳಕ್ಕೆ ತಳದ ರಂಧ್ರವೇ ಬೇಡ, ಸ್ಕಿಮ್ಮರ್ ಸಾಕು. ಪಂಪು ಕೊಳದಿಂದ ಕನಿಷ್ಠ ಮೂರೂವರೆ ಮೀಟರ್ ದೂರವಿರಲಿ. ಹತ್ತಿರವಿದ್ದರೆ ವಿದ್ಯುತ್ತಿನ ಭಯವಷ್ಟೇ ಅಲ್ಲ, ಚಿಕ್ಕ ಮಕ್ಕಳಿಗೆ ಅದೇ ಏಣಿಯಾಗುತ್ತದೆ. ಒಳ್ಳೆಯ ಅರ್ತಿಂಗ್ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವೆಂದೇ ತಿಳಿಯಬೇಕು. ತೋಟದ ಮನೆಯವರು ಇನ್ನೊಂದನ್ನು ಗಮನಿಸಬೇಕು: ನೀರಾವರಿ ಪಂಪ್‌ಸೆಟ್ಟಿಗೆಂದು ಪಡೆದ ಸಂಪರ್ಕದಿಂದ ಕೊಳದ ಪಂಪು ನಡೆಸಿದರೆ 2003ರ ವಿದ್ಯುತ್ ಕಾಯ್ದೆಯಡಿ ಅದು ಅನಧಿಕೃತ ಬಳಕೆಯಾಗುತ್ತದೆ.

ತಾರಸಿಯ ಮೇಲೆ ಕೊಳ ಇಡುವ ಯೋಚನೆ ಬೇಡ. ಒಂದು ಮೀಟರ್ ನೀರೆಂದರೆ ಪ್ರತಿ ಚದರ ಮೀಟರಿಗೆ ಒಂದು ಟನ್ ಭಾರ. ಎರೆಮಣ್ಣಿನ ನಿವೇಶನಗಳಲ್ಲಿ ಮಣ್ಣು ಹಿಗ್ಗಿ ಕುಗ್ಗುವುದರಿಂದ ಪೈಪಿನ ಜೋಡಣೆಗಳು ಸಡಿಲವಾಗುತ್ತವೆ. ಪಂಪು ಮತ್ತು ಫಿಲ್ಟರನ್ನು ಒಂದೇ ಕಾಂಕ್ರೀಟ್ ಹಾಸಿನ ಮೇಲೆ ಕೂರಿಸುವುದು ಒಳ್ಳೆಯದು. ಹಂಚು-ಮಡಕೆಗಳಿಗೆ ಹೆಸರಾದ ಖಾನಾಪುರದ ಕೆಂಪು ಜೇಡಿಯದು ಬೇರೆಯೇ ತಕರಾರು. ಮಕ್ಕಳ ಕಾಲಿಗಂಟಿ ಬಂದ ಅದರ ನಯವಾದ ಪುಡಿ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಏಣಿಯ ಬಳಿ ಕಾಲು ತೊಳೆಯಲು ಒಂದು ನಲ್ಲಿ ಬೇಕು. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣಾಂಶವಿದ್ದರೆ ಕ್ಲೋರಿನ್ ಹಾಕಿದೊಡನೆ ಕಂದು ಬಣ್ಣ ತಳೆಯುತ್ತದೆ. ಅದು ಶೋಧನೆಯಾಗುವವರೆಗೆ ಪಂಪು ನಿಲ್ಲಿಸಬಾರದು.

ಫಿಲ್ಟರಿನ ಒತ್ತಡಮಾಪಕದ ಮುಳ್ಳು ಮೊದಲ ದಿನ ಎಲ್ಲಿತ್ತೆಂದು ಬರೆದಿಡಬೇಕು. ಅದಕ್ಕಿಂತ ಎಂಟು-ಹತ್ತು ಪಿಎಸ್‌ಐ ಏರಿದಾಗ ನೀರನ್ನು ಹಿಮ್ಮುಖ ಹರಿಸಿ ಮರಳು ತೊಳೆಯಬೇಕು. ಹೀಗೆ ಹೊರಬರುವ ಕ್ಲೋರಿನ್ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ತಾಲ್ಲೂಕಿನ ಹಳ್ಳಗಳ ನೀರನ್ನೇ ಕೂಡಿಸಿಕೊಂಡು ಹರಿಯುತ್ತದೆ. ತೊಟ್ಟಿಯಲ್ಲಿ ಕೆಲದಿನ ಬಿಸಿಲಿಗೆ ಬಿಟ್ಟು ಮರಗಳಿಗೆ ಹಾಯಿಸಬಹುದು. ಜೂನ್ ಮಳೆ ಹಿಡಿದ ಮೇಲೆ ಕೊಳವನ್ನು ಬಿಚ್ಚಿ ಒಣಗಿಸಿಟ್ಟು, ಪಂಪಿನೊಳಗಿನ ನೀರನ್ನು ಬಸಿದು ಒಳಗಿರಿಸುವುದು ಖಾನಾಪುರದ ಪಶ್ಚಿಮದ ಹಳ್ಳಿಗಳಲ್ಲಂತೂ ಅವಶ್ಯ.