ಬೀಜಕೇಂದ್ರಗಳ ಕವಲುದಾರಿ: ನ್ಯೂಟ್ರಾನ್ ಸೆರೆಯ ಮಾಪನ ಮತ್ತು ಧಾತುಗಳ ಹುಟ್ಟು

ಕಬ್ಬಿಣಕ್ಕಿಂತ ಭಾರವಾದ ಧಾತುಗಳು ಸಂಲಯನದಿಂದ ಹುಟ್ಟುವುದು ಕಷ್ಟ. ಬೀಜಕೇಂದ್ರಗಳ ಧನವಿದ್ಯುದಂಶವು ಅವುಗಳನ್ನು ಪರಸ್ಪರ ದೂರ ತಳ್ಳುತ್ತದೆ. ಸಂಲಯನದಿಂದ ಶಕ್ತಿಯೂ ದೊರೆಯದು. ವಿದ್ಯುದಂಶವಿಲ್ಲದ ನ್ಯೂಟ್ರಾನಿಗೆ ಈ ತಡೆಯಿಲ್ಲ. ಬೀಜಕೇಂದ್ರವು ನ್ಯೂಟ್ರಾನುಗಳನ್ನು ಸೆರೆಹಿಡಿದು ಭಾರವಾಗುತ್ತ, ಅಸ್ಥಿರವಾದಾಗ ಬೀಟಾ ಕ್ಷಯದಿಂದ ಮುಂದಿನ ಧಾತುವಾಗುತ್ತದೆ.

ಸ್ಥಿರ ಸಮಸ್ಥಾನಿಯೇ ಇಲ್ಲದ ಟೆಕ್ನೀಷಿಯಂ ಧಾತುವನ್ನು ಪಾಲ್ ಮೆರಿಲ್ 1952ರಲ್ಲಿ ಕೆಲವು ಕೆಂಪು ನಕ್ಷತ್ರಗಳ ಬೆಳಕಿನಲ್ಲಿ ಗುರುತಿಸಿದಾಗ, ಧಾತುಗಳು ನಕ್ಷತ್ರದೊಳಗೇ ಹುಟ್ಟುತ್ತವೆಂಬುದಕ್ಕೆ ನೇರ ಸಾಕ್ಷ್ಯ ದೊರೆಯಿತು. 1957ರಲ್ಲಿ ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ವಿಲಿಯಂ ಫೌಲರ್ ಮತ್ತು ಫ್ರೆಡ್ ಹಾಯ್ಲ್ ಈ ಸೆರೆಯಲ್ಲಿ ನಿಧಾನ ಮತ್ತು ಶೀಘ್ರ ಎಂಬ ಎರಡು ಕ್ರಮಗಳನ್ನು ವಿವರಿಸಿದರು.

ನಿಧಾನ ಕ್ರಮದಲ್ಲಿ ಕೆಲವು ಬೀಜಕೇಂದ್ರಗಳು ಕವಲುದಾರಿಗಳಾಗಿವೆ. ಸಮೇರಿಯಂ-151 ಇದಕ್ಕೆ ಉತ್ತಮ ನಿದರ್ಶನ. ಅದು ನ್ಯೂಟ್ರಾನನ್ನು ಸೆರೆಹಿಡಿದರೆ ಸಮೇರಿಯಂ-152 ಆಗುತ್ತದೆ. ಅದಕ್ಕೆ ಮೊದಲೇ ಕ್ಷಯಿಸಿದರೆ ಯುರೋಪಿಯಂ-151 ಆಗಿ, ಮುಂದೆ ಗ್ಯಾಡೊಲಿನಿಯಂ-152ರತ್ತ ಸಾಗುತ್ತದೆ. ಭೂಮಿಯ ಮೇಲೆ ಸುಮಾರು 90 ವರ್ಷಗಳಿರುವ ಅದರ ಅರ್ಧಾಯು ನಕ್ಷತ್ರದ ಉಷ್ಣತೆಯಲ್ಲಿ ಬಹಳ ಕುಗ್ಗುತ್ತದೆ. ಆದ್ದರಿಂದ ಸೆರೆಯ ಸಂಭಾವ್ಯತೆ ತಿಳಿದಲ್ಲಿ, ಇಂದು ದೊರೆಯುವ ಸಮಸ್ಥಾನಿಗಳ ಪ್ರಮಾಣದಿಂದ ಆ ನಕ್ಷತ್ರಗರ್ಭದ ಉಷ್ಣತೆಯನ್ನು ಊಹಿಸಬಹುದು.

ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಎನ್-ಟಾಫ್ ಸೌಲಭ್ಯದಲ್ಲಿ ಈ ಸಂಭಾವ್ಯತೆಯನ್ನು ಅಳೆದು, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಲಾಯಿತು. ಅಲ್ಲಿ ಪ್ರೋಟಾನುಗಳು ಸೀಸದ ಗಟ್ಟಿಗೆ ಬಡಿದು ನ್ಯೂಟ್ರಾನುಗಳನ್ನು ಸಿಡಿಸುತ್ತವೆ. ಅವು ಸುಮಾರು 185 ಮೀಟರ್ ಕ್ರಮಿಸಲು ಹಿಡಿಯುವ ಕಾಲದಿಂದ ಪ್ರತಿಯೊಂದರ ಶಕ್ತಿ ತಿಳಿಯುತ್ತದೆ. ಸೆರೆಯಾದಾಗ ಹೊಮ್ಮುವ ಗಾಮಾ ಕಿರಣಗಳನ್ನು ಶೋಧಕಗಳು ಗುರುತಿಸುತ್ತವೆ. ಮಾದರಿಯೇ ವಿಕಿರಣಶೀಲವಾದ್ದರಿಂದ ಅದರ ಸ್ವಂತ ಸದ್ದನ್ನು ಮೀರುವಷ್ಟು ತೀವ್ರವಾದ ನ್ಯೂಟ್ರಾನ್ ಮಿಡಿತ ಅಗತ್ಯ. ಹೀಗೆ ದೊರೆತ ಮೌಲ್ಯವು ಹಿಂದಿನ ಸೈದ್ಧಾಂತಿಕ ಅಂದಾಜುಗಳಿಗಿಂತ ಗಣನೀಯವಾಗಿ ಹೆಚ್ಚಾಗಿತ್ತು. ಲೆಕ್ಕಾಚಾರವನ್ನೇ ನಂಬಿದ್ದರೆ ನಕ್ಷತ್ರದ ಉಷ್ಣತೆಯ ಓದೂ ತಪ್ಪುತ್ತಿತ್ತು.

ಶೀಘ್ರ ಕ್ರಮದ ಸಮಸ್ಯೆ ಇನ್ನೂ ಜಟಿಲವಾದುದು. 2017ರ ಆಗಸ್ಟ್ 17ರಂದು ಪತ್ತೆಯಾದ ನ್ಯೂಟ್ರಾನ್ ನಕ್ಷತ್ರಗಳ ವಿಲೀನವು ಈ ಕ್ರಮದ ಒಂದು ನೆಲೆಯನ್ನು ತೋರಿಸಿತು. ಆದರೆ ಅದರಲ್ಲಿ ಪಾಲ್ಗೊಳ್ಳುವ ಅನೇಕ ಬೀಜಕೇಂದ್ರಗಳು ಒಂದು ಕ್ಷಣವೂ ಉಳಿಯವು. ಅವುಗಳಿಂದ ಮಾದರಿ ತಯಾರಿಸಲಾಗದು. ಬಿಡಿ ನ್ಯೂಟ್ರಾನಿನ ಸರಾಸರಿ ಆಯುಸ್ಸೂ ಸುಮಾರು 15 ನಿಮಿಷ ಮಾತ್ರ; ಅದನ್ನು ಗುರಿಯಾಗಿ ಕೂಡಿಡುವುದೂ ದುಸ್ಸಾಧ್ಯ. ಆದುದರಿಂದ ಅಸ್ಥಿರ ಬೀಜಕೇಂದ್ರಗಳ ಕಿರಣವನ್ನು ಡ್ಯೂಟೀರಿಯಂ ಮೇಲೆ ಹಾಯಿಸಿ, ಅದರ ನ್ಯೂಟ್ರಾನ್ ವರ್ಗಾವಣೆಯಾಗುವ ಬಗೆಯಿಂದ ಸೆರೆಯನ್ನು ಪರೋಕ್ಷವಾಗಿ ಅಂದಾಜಿಸುತ್ತಾರೆ. ಈ ಅಂದಾಜಿಗೆ ಸಿದ್ಧಾಂತದ ನೆರವು ಅನಿವಾರ್ಯ. ಸಮೇರಿಯಂ ಕಲಿಸಿದ ಪಾಠವನ್ನು ನೆನೆದರೆ, ಚಿನ್ನದಂಥ ಧಾತುಗಳ ಹುಟ್ಟಿನ ವಿವರಣೆ ಎಷ್ಟು ದೃಢವೆಂಬುದನ್ನು ಇಂಥ ಮಾಪನಗಳೇ ನಿರ್ಧರಿಸಬೇಕಾಗಿದೆ.